ಶೂನ್ಯಕ್ಕೂ ಒಂದು ಪೀಠ

ನಮ್ಮ ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಮಾಡಿದ ಉಪನ್ಯಾಸವನ್ನು ಕೇಳಿದ ಕೆಲವರ ಒತ್ತಾಯದಿಂದ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ಸಡಿಲವಾಗಿದ್ದ ಕಡೆಗಳನ್ನು ಬಿಗಿಗೊಳಿಸಿದ್ದೇನೆ. ಕೊನೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸಿದ್ದೇನೆ.

ಈ ಸಂಜೆಯ ಮಾತಿಗೆ ಕಾರಣರಾದವರು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು. ಕಾನೂನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ನನ್ನ ಮನೆಗೆ ಅವರು ಮದುವೆಯ ಕರೆಯೋಲೆ ಕೊಡಲು ಬಂದಿದ್ದರು. ಮದುವೆ ಮಠದ ಕಲ್ಯಾಣಮಂಟಪದಲ್ಲಿಯೇ ಆಗಬೇಕೆಂದು ಮನೆಯ ಹಿರಿಯರು ಪಟ್ಟು ಹಿಡಿದಿದ್ದನ್ನು ಹೇಳುತ್ತಾ, "ಸರ್, ನನಗೆ ಅಧ್ಯಾತ್ಮ ಬೇಕು, ಧರ್ಮ ಬೇಡ. ಎರಡನ್ನೂ ಬಿಡಿಸಿ ಒಂದನ್ನು ಮಾತ್ರ ಇಟ್ಟುಕೊಳ್ಳುವುದಕ್ಕೆ ಆಗುವುದಿಲ್ಲವೆ?" ಎಂದು ಕೇಳಿದರು. ಇದೇ ಮಾತನ್ನು ಈಗಿನ ತರುಣ ತರುಣಿಯರಿಂದ ಹಲವು ಬಾರಿ ಕೇಳಿದ್ದೇನೆ. ಇದು ಸೋಮಾರಿತನದ ಮಾತು, ಕಟ್ಟುಪಾಡುಗಳಿಂದ ತಪ್ಪಿಸಿಕೊಳ್ಳುವ ಮಾತು ಎಂದು ನನ್ನ ವಯಸ್ಸಿನವರು ತಳ್ಳಿಹಾಕುವುದುಂಟು. ನಾನು ಹಾಗೆ ತಳ್ಳಿಹಾಕಲಾರೆ, ಏಕೆಂದರೆ ಇದು ಎಂಟುನೂರು ವರ್ಷಗಳಿಗೂ ಹಿಂದೆ ಇದೇ ಕನ್ನಡದಲ್ಲಿ, ಇನ್ನೂ ಗಟ್ಟಿಯಾದ ದನಿಯಲ್ಲಿ ಕೇಳಿದ ಪ್ರಶ್ನೆ.

ಮೊದಲು ಪದಗಳ ವಿಚಾರ. ಧರ್ಮ ಎಂಬ ಪದದ ಮೇಲೆ ಕನ್ನಡದಲ್ಲಿ ಬಹಳ ಭಾರ ಬಿದ್ದಿದೆ. ಹಸಿದವನು "ಧರ್ಮ ಮಾಡಿ ತಾಯಿ" ಎಂದು ಬಾಗಿಲಲ್ಲಿ ನಿಂತಾಗ ಅದಕ್ಕೆ ದಾನವೆಂಬ ಅರ್ಥ, ಧರ್ಮಾಸ್ಪತ್ರೆ ಎಂದಾಗ ಹಣ ಕೇಳದ ಜಾಗವೆಂಬ ಅರ್ಥ, "ಇದು ಧರ್ಮವೇನಯ್ಯ?" ಎಂದು ಪಂಚಾಯಿತಿ ಕಟ್ಟೆಯ ಮೇಲೆ ಕೇಳಿದಾಗ ನ್ಯಾಯವೆಂಬ ಅರ್ಥ, ಶಾಲೆಯ ದಾಖಲಾತಿ ಅರ್ಜಿಯಲ್ಲಿ ಜಾತಿಯ ಕಲಮಿನ ಹತ್ತಿರ ಕಾಣಿಸಿಕೊಂಡಾಗ ಮಾತ್ರ ಅದು ನಾವು ಇಂದು ಸಂಘಟಿತ ಧರ್ಮ ಎನ್ನುವ ಅರ್ಥದಲ್ಲಿ ನಿಲ್ಲುತ್ತದೆ. ಆ ವಿದ್ಯಾರ್ಥಿನಿ ಬೇಡವೆಂದದ್ದು ಈ ಕೊನೆಯದನ್ನು. ಅಧ್ಯಾತ್ಮವೆಂದರೆ ಆತ್ಮವನ್ನು ಕುರಿತದ್ದು; ಗೀತೆಯ ಎಂಟನೆಯ ಅಧ್ಯಾಯ "ಸ್ವಭಾವೋಽಧ್ಯಾತ್ಮಮುಚ್ಯತೇ" ಎಂದು ಅದನ್ನು ಸ್ವಭಾವಕ್ಕೇ ಸೇರಿಸುತ್ತದೆ. ಆದರೆ ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ವಚನಕಾರರು ಬಳಕೆಗೆ ತಂದ ಅನುಭಾವ ಎಂಬ ಪದ. ಅನುಭವ ಎಲ್ಲರಿಗೂ ಆಗುತ್ತದೆ, ಬಿಸಿ ತಾಕಿದರೂ ಅನುಭವವೇ. ಆ ಪದದ ನಡುವೆ ಒಂದು ದೀರ್ಘವನ್ನು ಎಳೆದು, ಕಂಡವನನ್ನೇ ಬದಲಾಯಿಸಿಬಿಡುವ ಕಾಣುವಿಕೆಗೆ ಅವರು ಬೇರೆ ಹೆಸರು ಕೊಟ್ಟರು.

ಈ ಎರಡರ ನಡುವಿನ ಗಡಿ ಎಲ್ಲಿದೆ ಎಂಬ ಪ್ರಶ್ನೆಯನ್ನು ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯವೇ ಒಮ್ಮೆ ಎದುರಿಸಬೇಕಾಯಿತು. ಕಾನೂನಿನ ಮನುಷ್ಯನಾದ್ದರಿಂದ ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

ಶ್ರೀ ಅರವಿಂದರು 1910ರಲ್ಲಿ ಪುದುಚೇರಿಗೆ ಬಂದವರು 1950ರ ಡಿಸೆಂಬರ್ 5ರಂದು ದೇಹ ಬಿಡುವವರೆಗೂ ಅಲ್ಲಿಯೇ ಇದ್ದರು. ತಾವು ಹೊಸ ಮತವೊಂದನ್ನು ಕಟ್ಟುತ್ತಿಲ್ಲ ಎಂಬುದನ್ನು ಅವರು ಮತ್ತೆ ಮತ್ತೆ ಸ್ಪಷ್ಟಪಡಿಸಿದ್ದರು. ಅವರ ನಂತರ, ಅವರ ಮತ್ತು ಅವರ ಸಾಧನೆಯ ಜೊತೆಗಾತಿಯಾಗಿದ್ದ ಶ್ರೀಮಾತೆಯವರ ವಿಚಾರಗಳನ್ನು ಹರಡುವುದಕ್ಕಾಗಿ 1960ರಲ್ಲಿ ಒಂದು ಸೊಸೈಟಿ ನೋಂದಣಿಯಾಯಿತು. 1968ರ ಫೆಬ್ರುವರಿ 28ರಂದು ಪುದುಚೇರಿಯ ಬಳಿ ಆರೋವಿಲ್ ಎಂಬ ನಗರಕ್ಕೆ ಅಡಿಗಲ್ಲು ಬಿತ್ತು. 124 ದೇಶಗಳಿಂದ ತಂದ ಹಿಡಿ ಹಿಡಿ ಮಣ್ಣನ್ನು ಅಲ್ಲಿನ ಒಂದು ಅಮೃತಶಿಲೆಯ ಕಲಶದಲ್ಲಿ ಸೇರಿಸಿದರು. ಆರೋವಿಲ್ ನಿರ್ದಿಷ್ಟವಾಗಿ ಯಾರಿಗೂ ಸೇರಿದ್ದಲ್ಲ, ಅದು ಇಡೀ ಮಾನವಕುಲಕ್ಕೆ ಸೇರಿದ್ದು ಎಂದು ಅದರ ಸನ್ನದು ಸಾರಿತು. ಯಾರಿಗೂ ಸೇರದ ನಗರ ಎಂಬುದು ಎಷ್ಟು ದೊಡ್ಡ ಕನಸು ಎಂಬುದನ್ನು, ಒಂದು ಗುಂಟೆ ಜಾಗಕ್ಕಾಗಿ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವುದನ್ನು ಕಂಡ ನನ್ನಂಥವನು ಚೆನ್ನಾಗಿ ಬಲ್ಲ.

1973ರ ನವೆಂಬರ್ 17ರಂದು ಶ್ರೀಮಾತೆಯವರು ತೀರಿಕೊಂಡರು. ಯಾರಿಗೂ ಸೇರದ ನಗರವನ್ನು ಯಾರು ನಡೆಸಬೇಕು, ಅದಕ್ಕೆ ಬರುವ ಹಣದ ಲೆಕ್ಕವನ್ನು ಯಾರು ಇಡಬೇಕು ಎಂಬ ಬಗ್ಗೆ ಸೊಸೈಟಿಗೂ ನಗರದ ನಿವಾಸಿಗಳಿಗೂ ಜಗಳ ಹುಟ್ಟಿ ಬೆಳೆಯಿತು. ಕೊನೆಗೆ 1980ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ಮಾಡಿ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಅದನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನ ಮುಂದೆ ಇಟ್ಟ ವಾದಗಳಲ್ಲಿ ಮುಖ್ಯವಾದದ್ದು, ನಮ್ಮದು ಒಂದು ಧಾರ್ಮಿಕ ಪಂಗಡ, ಆದ್ದರಿಂದ ಸಂವಿಧಾನದ 25 ಮತ್ತು 26ನೆಯ ಅನುಚ್ಛೇದಗಳು ಕೊಡುವ ಧಾರ್ಮಿಕ ಸ್ವಾತಂತ್ರ್ಯದ ರಕ್ಷಣೆ ನಮಗಿದೆ ಎಂಬುದು. ಮತವನ್ನು ಕಟ್ಟಲೊಲ್ಲದ ಗುರುವಿನ ಹೆಸರಿನಲ್ಲಿ, ಆಸ್ತಿಯ ಆಡಳಿತವನ್ನು ಉಳಿಸಿಕೊಳ್ಳುವುದಕ್ಕಾಗಿ, ನಮ್ಮದು ಮತವೇ ಹೌದು ಎಂದು ವಾದಿಸಬೇಕಾದ ಸ್ಥಿತಿ ಅವರಿಗೆ ಬಂದಿತ್ತು. ನಾನು ಇದನ್ನು ಯಾರನ್ನೂ ಹಳಿಯಲು ಹೇಳುತ್ತಿಲ್ಲ. ಅವರ ಜಾಗದಲ್ಲಿ ವಕೀಲನಾಗಿದ್ದರೆ ನಾನೂ ಅದನ್ನೇ ವಾದಿಸುತ್ತಿದ್ದೆ. ಕಾನೂನಿನಲ್ಲಿ ಅವರಿಗೆ ಕಾಣುತ್ತಿದ್ದ ಬಾಗಿಲು ಅದಾಗಿತ್ತು.

1982ರಲ್ಲಿ ತೀರ್ಪು ಬಂದಿತು. ಪಂಗಡವೆನ್ನಿಸಿಕೊಳ್ಳಲು ಸಮಾನವಾದ ಶ್ರದ್ಧೆ, ಸಮಾನವಾದ ಸಂಘಟನೆ, ತನ್ನದೇ ಆದ ಹೆಸರು, ಈ ಮೂರೂ ಬೇಕು ಎಂಬ ಅಳತೆಗೋಲನ್ನು ಹಿಡಿದು ಐವರು ನ್ಯಾಯಮೂರ್ತಿಗಳ ಪೀಠದ ಬಹುಮತ ಇಲ್ಲ ಎಂದಿತು. ಸೊಸೈಟಿಯ ಸದಸ್ಯರಾಗಲು ಯಾರೂ ತಮ್ಮ ಧರ್ಮವನ್ನು ಬಿಡಬೇಕಾಗಿಲ್ಲ. ತನ್ನದು ಧಾರ್ಮಿಕವಲ್ಲದ ಸಂಸ್ಥೆ ಎಂಬ ನೆಲೆಯಲ್ಲಿಯೇ ಅದು ಹಿಂದೆ ನೆರವನ್ನೂ ತೆರಿಗೆ ವಿನಾಯಿತಿಯನ್ನೂ ಕೇಳಿದೆ. ಶ್ರೀ ಅರವಿಂದರ ಬೋಧನೆ ಒಂದು ದರ್ಶನವೇ ಹೊರತು ಧರ್ಮವಲ್ಲ ಎಂದು ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು ಮಾತ್ರ ಪ್ರತ್ಯೇಕವಾಗಿ ಬರೆದು, ಇದನ್ನು ಧಾರ್ಮಿಕ ಪಂಗಡವೆಂದು ಒಪ್ಪುವ ಕಡೆಗೆ ವಾಲಿದರು, ಆದರೆ ಕಾಯ್ದೆಯನ್ನು ಎತ್ತಿಹಿಡಿಯುವುದರಲ್ಲಿ ಉಳಿದವರ ಜೊತೆಗಿದ್ದರು. ತರಗತಿಯಲ್ಲಿ ಈ ತೀರ್ಪನ್ನು ಪಾಠ ಮಾಡಿದಾಗಲೆಲ್ಲ, ಒಳಗಿನ ಬೆಳಕನ್ನು ಅಳೆಯಲು ಹೊರಟವರು ಕೊನೆಗೆ ಸದಸ್ಯತ್ವದ ನಿಯಮ, ತೆರಿಗೆಯ ಅರ್ಜಿ, ಸಂಸ್ಥೆಯ ಉದ್ದೇಶಪತ್ರಗಳನ್ನು ಓದುತ್ತಾ ಕುಳಿತ ಚಿತ್ರ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಅದು ನ್ಯಾಯಾಲಯದ ಕೊರತೆಯಲ್ಲ. ಅನುಭಾವಕ್ಕೆ ಸಾಕ್ಷಿದಾರರಿಲ್ಲ, ಹೊರಗಿನಿಂದ ನೋಡುವವರಿಗೆ ಕಾಣುವುದು ಸಂಘಟನೆ ಮಾತ್ರ.

ಇದಕ್ಕೂ ಹಿಂದೆ, 1954ರಲ್ಲಿ, ಇಂಥದೇ ಪ್ರಶ್ನೆ ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಎದ್ದಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ಧಾರ್ಮಿಕ ದತ್ತಿ ಕಾಯ್ದೆಯ ಅಧಿಕಾರಿಗಳು ಮಠದ ಆಡಳಿತದಲ್ಲಿ ಎಷ್ಟರ ಮಟ್ಟಿಗೆ ಕೈಹಾಕಬಹುದು ಎಂಬುದು ವಿವಾದ. ಉಡುಪಿಯ ಮಠಗಳಿಗೆ ಸರದಿಯಂತೆ ಬರುವ ಕೃಷ್ಣಪೂಜೆಯ ಹೊಣೆಯಾದ ಪರ್ಯಾಯದ ಖರ್ಚು, ಅದರಿಂದ ಮಠದ ಮೇಲೆ ಏರಿದ ಸಾಲ, ಇವೆಲ್ಲ ಅದರ ಹಿನ್ನೆಲೆಯಲ್ಲಿದ್ದವು. ಧರ್ಮವೆಂದರೆ ಬರಿಯ ನಂಬಿಕೆಯಲ್ಲ, ಪೂಜೆ, ಆಚರಣೆ, ಕಡೆಗೆ ಊಟ ಉಡುಗೆಯ ನಿಯಮಗಳೂ ಅದರ ಭಾಗವಾಗಿರಬಹುದು. ದೇವರನ್ನು ಒಪ್ಪದ ಬೌದ್ಧ, ಜೈನ ಧರ್ಮಗಳೂ ಧರ್ಮಗಳೇ ಎಂದು ಏಳು ನ್ಯಾಯಮೂರ್ತಿಗಳ ಆ ಪೀಠ ಹೇಳಿತು. ಆ ಮಾತಿನಲ್ಲಿ ದೊಡ್ಡ ತಿಳಿವಳಿಕೆಯಿದೆ. ನಂಬಿಕೆ ತಲೆಯೊಳಗೆ ಮಾತ್ರ ಇರುವುದಿಲ್ಲ. ಅದು ಅಡುಗೆಮನೆಯಲ್ಲಿ, ಬಟ್ಟೆಯ ಮಡಿಕೆಯಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ ಬದುಕುತ್ತದೆ.

ಈಗ ಕಲ್ಯಾಣಕ್ಕೆ ಬರೋಣ. ಹನ್ನೆರಡನೆಯ ಶತಮಾನದ ಶರಣರು ಕಟ್ಟಿನಿಂತ ಧರ್ಮಕ್ಕೆ ಸ್ಥಾವರ ಎಂದರು, ನಡೆದಾಡುವ ಅರಿವಿಗೆ ಜಂಗಮ ಎಂದರು. "ಎನ್ನ ಕಾಲೇ ಕಂಬ, ದೇಹವೇ ದೇಗುಲ" ಎಂಬ ಬಸವಣ್ಣನವರ ವಚನ ಇಲ್ಲಿ ಕುಳಿತಿರುವ ಎಲ್ಲರಿಗೂ ಬಾಯಿಗೆ ಬರುತ್ತದೆ. ಬಾಯಿಗೆ ಬರುವುದರಿಂದಲೇ ಅದರ ಬಿಸಿ ನಮ್ಮನ್ನು ತಾಕುವುದು ಕಡಿಮೆಯಾಗಿದೆ. ಅಲ್ಲಮಪ್ರಭುವಿನ ಮಾತು ಇನ್ನೂ ಕಠೋರ: "ಕಲ್ಲ ಮನೆಯ ಮಾಡಿ ಕಲ್ಲ ದೇವರ ಮಾಡಿ, ಆ ಕಲ್ಲು ಕಲ್ಲ ಮೇಲೆ ಕೆಡೆದಡೆ ದೇವರೆತ್ತ ಹೋದರೋ?" ಸಂಘಟಿತ ಧರ್ಮದ ವಿರುದ್ಧ ಅಧ್ಯಾತ್ಮ ಹೂಡಿದ ವಾದಗಳಲ್ಲಿ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಪೂರ್ಣವಾದ ವಾದವನ್ನು ನಾನು ಓದಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಿಜ್ಜಳನ ಕಾಲದ ಕೊನೆಯಲ್ಲಿ ಕಲ್ಯಾಣ ಒಡೆಯಿತು. ಸಮಗಾರ ಹರಳಯ್ಯನವರ ಮತ್ತು ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆ ಅದಕ್ಕೆ ಕಿಡಿಯಾಯಿತು ಎಂದು ಪರಂಪರೆ ಹೇಳುತ್ತದೆ. ಶರಣರು ಚದುರಿದರು, ಚೆನ್ನಬಸವಣ್ಣನ ಜೊತೆಗೆ ಕೆಲವರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬ ನೆನಪನ್ನು ನಮ್ಮ ಜನ ಇಂದಿಗೂ ಇಟ್ಟುಕೊಂಡಿದ್ದಾರೆ. ಅದಾದ ಮೇಲೆ ಹೆಚ್ಚುಕಡಿಮೆ ಮುನ್ನೂರು ವರ್ಷ ಈ ಮಾತುಗಳು ಹೇಗೆ ಬದುಕಿದವು? ಬೋಧಿಸಿದವರು ಇರಲಿಲ್ಲ, ಕೇಳಿದವರೂ ಇರಲಿಲ್ಲ. ಓಲೆಗರಿಗೆ ಹುಳು ಹತ್ತುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಎರಡು ಮೂರು ತಲೆಮಾರಿಗೊಮ್ಮೆ ಯಾರಾದರೂ ಕುಳಿತು ಕಂಟದಿಂದ ಮತ್ತೆ ಕೊರೆಯದಿದ್ದರೆ ಅದರ ಮೇಲಿನ ಮಾತು ಮಣ್ಣಾಗುತ್ತದೆ. ಹಾಗೆ ಮತ್ತೆ ಮತ್ತೆ ಕೊರೆದವರು ಹೆಚ್ಚಾಗಿ ವಿರಕ್ತರು, ಮಠಗಳ ಆಶ್ರಯದಲ್ಲಿದ್ದ ಓದುಬರಹ ಬಲ್ಲವರು, ಅಂದರೆ ಸ್ಥಾವರದ ನೆರಳಿನಲ್ಲಿದ್ದವರು.

ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಆಳ್ವಿಕೆಯ ಹೊತ್ತಿಗೆ, ವಿಜಯನಗರದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ವಚನಗಳನ್ನು ಹುಡುಕಿದರು, ಸ್ಥಲಗಳೆಂಬ ಸಾಧನೆಯ ಹಂತಗಳಾಗಿ ವಿಂಗಡಿಸಿದರು, ಟೀಕೆ ಬರೆದರು. ಆಮೇಲೆ ಯಡಿಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆ ಅದನ್ನು ಮುಂದುವರಿಸಿತು. ಈ ಕಾಲದ ಅತ್ಯಂತ ಸೂಕ್ಷ್ಮವಾದ ಸಾಹಸ ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯ ಬೇರೆ ಬೇರೆ ಶರಣರ ವಚನಗಳನ್ನು ಎದುರುಬದುರು ಇಟ್ಟು, ಅಲ್ಲಮಪ್ರಭು ನಡುವೆ ನಿಂತ ಒಂದು ದೀರ್ಘ ಸಂವಾದವಾಗಿ ಅವನ್ನು ಹೆಣೆದನು. ಆ ಕೃತಿಯಲ್ಲಿ ಬಸವಣ್ಣನವರು ಅಲ್ಲಮನಿಗಾಗಿ ಶೂನ್ಯಸಿಂಹಾಸನವನ್ನು ರಚಿಸುತ್ತಾರೆ, ಅಲ್ಲಮ ಅದನ್ನು ಏರುತ್ತಾನೆ. ಕಲ್ಲ ಮನೆಯ ದೇವರನ್ನು ಹಾಗೆ ಪ್ರಶ್ನಿಸಿದವನಿಗೆ ಒಂದು ಸಿಂಹಾಸನ. ಇದನ್ನು ಮೊದಲು ಓದಿದಾಗ ನನಗೆ ಕಸಿವಿಸಿಯಾಗಿತ್ತು. ಏನೂ ಇಲ್ಲದ್ದಕ್ಕೆ ಪೀಠವೇಕೆ ಎಂದು ಅನ್ನಿಸಿತ್ತು. ಈಗ ಬೇರೆಯಾಗಿ ಅನ್ನಿಸುತ್ತದೆ. ಶೂನ್ಯವನ್ನು ಕಂಡವನಿಗೆ ಪೀಠ ಬೇಕಾಗಿಲ್ಲ. ಕಾಣದೆ ಉಳಿದವರಿಗೆ, ಮುಂದೆ ಹುಟ್ಟುವವರಿಗೆ, ಅದು ಇಂಥಲ್ಲಿ ಇತ್ತು ಎಂದು ತೋರಿಸುವ ಒಂದು ಜಾಗ ಬೇಕು.

ಇಲ್ಲಿ ಒಂದು ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಕೆರೆ ಕಟ್ಟಿಸಿದವನು, ಗುಡಿ ಕಟ್ಟಿಸಿದವನು, ಜನರ ಉಪಕಾರದಲ್ಲಿ ಮುಳುಗಿದವನು. ಅಲ್ಲಮ ಅವನನ್ನು ಕೆಣಕಿ, ಅವನೊಡನೆ ವಾದಿಸಿ, ಕಲ್ಯಾಣಕ್ಕೆ ಕರೆತರುತ್ತಾನೆ. ಸಿದ್ಧರಾಮನ ಮೈಮೇಲೆ ಇಷ್ಟಲಿಂಗವಿಲ್ಲ. ಲಿಂಗದೀಕ್ಷೆಯಿಲ್ಲದವನು ಶರಣನಾಗಬಲ್ಲನೆ? ಮಹಾದೇವಯ್ಯನ ಮೊದಲ ಸಂಪಾದನೆಯಲ್ಲಿ ಅವನಿಗೆ ದೀಕ್ಷೆ ಕೊಡುವ ಪ್ರಸಂಗವೇ ಇಲ್ಲ. ಅವನ ಒಳಗಿನ ಅರಿವೇ ಸಾಕೆಂಬಂತೆ ಕೃತಿ ಮುಂದೆ ಸಾಗುತ್ತದೆ. ಮುಂದಿನ ಸಂಪಾದನಕಾರ ಹಲಗೆಯಾರ್ಯನಿಗೆ ಇದು ಸರಿಕಾಣಲಿಲ್ಲ. ಅವನು ಇದನ್ನು ಕೊರತೆಯೆಂದು ಎಣಿಸಿ, ಚೆನ್ನಬಸವಣ್ಣನಿಂದ ಸಿದ್ಧರಾಮನಿಗೆ ದೀಕ್ಷೆಯಾದ ಪ್ರಸಂಗವನ್ನು ಸೇರಿಸಿದನು. ಆಮೇಲೆ ಬಂದ ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯರ ಸಂಪಾದನೆಗಳು ಹಲಗೆಯಾರ್ಯನ ದಾರಿಯನ್ನೇ ಹಿಡಿದವು.

ಅಧ್ಯಾತ್ಮ ಮತ್ತು ಸಂಘಟಿತ ಧರ್ಮದ ನಡುವಿನ ವ್ಯತ್ಯಾಸವನ್ನು ಒಂದೇ ಕಡೆ ತೋರಿಸು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಕೃತಿಗಳ ನಡುವಿನ ಆ ಪ್ರಸಂಗಕ್ಕೆ ಬೆರಳಿಡುತ್ತೇನೆ. ಮೊದಲ ಸಂಪಾದನಕಾರ ಕೇಳುವುದು, ಇವನು ಕಂಡಿದ್ದಾನೆಯೆ ಎಂಬ ಪ್ರಶ್ನೆಯನ್ನು. ಎರಡನೆಯವನು ಕೇಳುವುದು, ಇವನು ನಮ್ಮವನೆ, ನಮ್ಮವನೆಂದು ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಯನ್ನು. ಎರಡನೆಯ ಪ್ರಶ್ನೆ ಕೀಳಾದದ್ದೆಂದು ನಾನು ಹೇಳಲಾರೆ. ದೀಕ್ಷೆ ಬೇಕಿಲ್ಲವೆಂದು ಬರೆದಿಟ್ಟರೆ ನಾಳೆ ಪ್ರತಿಯೊಬ್ಬನೂ ನನಗೂ ಅರಿವಾಗಿದೆ ಎಂದು ಬಂದು ನಿಲ್ಲಬಹುದು. ಒಂದು ಸಮುದಾಯವನ್ನು ಒಟ್ಟಿಗೆ ಹಿಡಿದಿಡುವ ಹೊಣೆ ಹೊತ್ತವನಿಗೆ ಆ ಭಯ ಸಹಜ. ಆದರೆ ಎರಡನೆಯ ಪ್ರಶ್ನೆ ಮೊದಲನೆಯದರ ಜಾಗದಲ್ಲಿ ಬಂದು ಕುಳಿತಾಗ ಕೆಡುಕು ಆರಂಭವಾಗುತ್ತದೆ. ಸಂಘಟನೆ ಹುಟ್ಟುವುದು ದೇವರಿದ್ದಾನೆಯೆ ಎಂಬ ಪ್ರಶ್ನೆಯಿಂದಲ್ಲ, ಇವರ ನಂತರ ಯಾರು ಎಂಬ ಪ್ರಶ್ನೆಯಿಂದ. ಕಲ್ಯಾಣದಲ್ಲಿ ಬಸವಣ್ಣನವರ ನಂತರ, ಪುದುಚೇರಿಯಲ್ಲಿ ಶ್ರೀಮಾತೆಯವರ ನಂತರ ಎದ್ದದ್ದು ಅದೇ ಪ್ರಶ್ನೆ. ಅನುಭಾವಕ್ಕೆ ವಾರಸುದಾರರಿಲ್ಲ, ಅದರ ನೆನಪಿಗೆ, ನೆಲಕ್ಕೆ, ಗ್ರಂಥಕ್ಕೆ ವಾರಸುದಾರರಿಲ್ಲದೆ ನಡೆಯುವುದಿಲ್ಲ.

(ಲಿಂಗಾಯತವು ಪ್ರತ್ಯೇಕ ಧರ್ಮವೆ ಎಂದು 2018ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಚರ್ಚೆಯ ಬಗ್ಗೆ ಸಭೆಯಲ್ಲಿ ಕೆಲವರು ಕೇಳಿದರು. ಅದು ಸಂವಿಧಾನದ ಮಾನ್ಯತೆಯ ಪ್ರಶ್ನೆ, ಅದಕ್ಕೆ ಅದರದೇ ಇತಿಹಾಸವಿದೆ. ಇಂದಿನ ಮಾತನ್ನು ಆ ಕಡೆಗೆ ಎಳೆಯುವುದಿಲ್ಲ.)

ನನ್ನ ಮನೆಯ ಮಾತೊಂದನ್ನು ಇಲ್ಲಿ ಹೇಳಬೇಕು. ನನ್ನ ಅಜ್ಜಿ ದಿನವೂ ನಸುಕಿನಲ್ಲಿ ಎದ್ದು, ಸ್ನಾನ ಮಾಡಿ, ವಿಭೂತಿ ಧರಿಸಿ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟುಕೊಂಡು ಅರ್ಧ ತಾಸು ಕೂರುತ್ತಿದ್ದಳು. ಹುಡುಗನಾಗಿದ್ದ ನಾನು, "ಅದರಾಗ ಏನ್ ಕಾಣಸ್ತೈತಿ ಅಮ್ಮಾ?" ಎಂದು ಒಮ್ಮೆ ಕೇಳಿದ್ದೆ. "ಕಾಣೂದೇನೈತಿ, ಸುಮ್ನ ಕುಂದ್ರೂದು" ಎಂದಿದ್ದಳು. ಆ ಸುಮ್ಮನೆ ಕೂರುವುದು ಯಾವ ಮಠದ ಸೊತ್ತೂ ಅಲ್ಲ. ಆದರೆ ಅವಳ ಅಂಗೈಯಲ್ಲಿದ್ದ ಲಿಂಗವನ್ನು ಕೊಟ್ಟವರು ಊರಿನ ಅಯ್ಯನವರು. ಹೇಗೆ ಹಿಡಿಯಬೇಕು, ಯಾವಾಗ ಕಣ್ಣು ಮುಚ್ಚಬೇಕು ಎಂಬುದನ್ನು ಕಲಿಸಿದವಳು ಅವಳ ಅತ್ತೆ. ಆ ಅತ್ತೆಗೆ ಕಲಿಸಿದವರು ಇನ್ನಾರೋ. ಅವಳ ಮೌನ ಅವಳದು, ಆ ಮೌನಕ್ಕೆ ಹೋಗುವ ದಾರಿ ಅನೇಕರು ತುಳಿದು ಸವೆಸಿದ್ದು.

ಅದೇ ಮನೆಯಲ್ಲಿ ಇನ್ನೊಂದು ಘಟನೆ ನಡೆಯಿತು. ನನ್ನ ಸೋದರತ್ತೆ ಬೇರೆ ಜಾತಿಯವರನ್ನು ಮದುವೆಯಾದರು. ನಾವು ನಡೆದುಕೊಳ್ಳುತ್ತಿದ್ದ ಮಠದವರು ನಮ್ಮ ಮನೆಗೆ ಪಾದಪೂಜೆಗೆ ಬರುವುದನ್ನು ಅಂದಿನಿಂದ ನಿಲ್ಲಿಸಿದರು. ಅದೇ ಮಠದಲ್ಲಿ ಪ್ರತಿ ಶ್ರಾವಣದಲ್ಲಿ ಪುರಾಣ ನಡೆಯುತ್ತಿತ್ತು. ಹರಳಯ್ಯ ಮಧುವರಸರ ಪ್ರಸಂಗ ಬಂದ ರಾತ್ರಿ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಗೆ ಕಣ್ಣೊರೆಸಿಕೊಂಡವರಲ್ಲಿ ನನ್ನ ಅಜ್ಜಿಯೂ ಒಬ್ಬಳು. ಮಠದವರು ಬರುವುದನ್ನು ಬಿಟ್ಟ ಮೇಲೂ ಅವಳು ಪುರಾಣಕ್ಕೆ ಹೋಗುವುದನ್ನು ಬಿಡಲಿಲ್ಲ, ಮಗಳನ್ನು ಮನೆಗೆ ಕರೆಯುವುದನ್ನೂ ಬಿಡಲಿಲ್ಲ. ಒಂದು ಸಂಸ್ಥೆ ತನ್ನ ಹುಟ್ಟಿನ ಕಥೆಯನ್ನು ಅಕ್ಷರ ತಪ್ಪದಂತೆ ಕಾಪಾಡಿಕೊಂಡು, ಆ ಕಥೆ ಎದುರಿಗೆ ಬಂದು ನಿಂತಾಗ ಬಾಗಿಲು ಮುಚ್ಚಬಲ್ಲದು ಎಂಬುದನ್ನು ನಾನು ಅಂದು ಕಲಿತೆ. ಅದರ ನೋವು ನನ್ನಲ್ಲಿ ಇನ್ನೂ ಆರಿಲ್ಲ. ಆದರೆ ಆ ಕಥೆಯನ್ನು ನನ್ನ ಅಜ್ಜಿಗೆ ತಲುಪಿಸಿ, ಮಗಳ ಪರವಾಗಿ ನಿಲ್ಲುವ ಬಲವನ್ನು ಅವಳಿಗೆ ಕೊಟ್ಟದ್ದೂ ಆ ಪುರಾಣದ ಕಟ್ಟೆಯೇ ಎಂಬುದನ್ನು ಮರೆತರೆ ನಾನು ಅಪ್ರಾಮಾಣಿಕನಾಗುತ್ತೇನೆ.

ಸಂಘಟನೆಯ ಒಳಿತನ್ನು ಹೇಳುವಾಗ ನಮ್ಮ ಕಣ್ಣೆದುರಿನ ಉದಾಹರಣೆ ತುಮಕೂರಿನ ಸಿದ್ಧಗಂಗೆ. 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಉಚಿತವಾಗಿ ಉಂಡು, ಇದ್ದು, ಓದುವ ವ್ಯವಸ್ಥೆ ಬೆಳೆಯಿತು. ಒಬ್ಬನ ಧ್ಯಾನ ಎಷ್ಟೇ ಆಳವಾಗಿದ್ದರೂ ಹತ್ತು ಸಾವಿರ ತಟ್ಟೆಗಳಿಗೆ ಮುದ್ದೆ ಸಾರು ಬಡಿಸಲಾರದು. ಅದಕ್ಕೆ ಉಗ್ರಾಣ ಬೇಕು, ಲೆಕ್ಕದ ಪುಸ್ತಕ ಬೇಕು, ಸುಗ್ಗಿಯಲ್ಲಿ ಚೀಲ ಹೊತ್ತು ತರುವ ಹಳ್ಳಿಗಳ ನಂಬಿಕೆ ಬೇಕು, ನಾಳೆಯೂ ಒಲೆ ಉರಿಯುತ್ತದೆಂಬ ಭರವಸೆ ಬೇಕು.

ಧರ್ಮ ಬೇಡ, ಅಧ್ಯಾತ್ಮ ಸಾಕು ಎಂದು ಹೊರಬಂದವರು ಸಂಘಟನೆಯಿಂದ ಪಾರಾಗುತ್ತಾರೆಂಬುದನ್ನೂ ನಾನು ನಂಬುವುದಿಲ್ಲ. ಶುಲ್ಕ ಕಟ್ಟಿ ಸೇರುವ ಶಿಬಿರ, ಮೊಬೈಲಿನಲ್ಲಿ ದಿನದ ಧ್ಯಾನವನ್ನು ನೆನಪಿಸುವ ಆ್ಯಪ್, ಒಬ್ಬರೇ ಗುರುವಿನ ಸುತ್ತ ಬೆಳೆಯುವ ಕೇಂದ್ರ, ಇವೂ ಸಂಘಟನೆಗಳೇ. ಹಳೆಯ ಮಠಕ್ಕೆ ಒಂದು ಶಾಸ್ತ್ರವಿರುತ್ತದೆ, ಊರಿರುತ್ತದೆ, ಸ್ವಾಮಿಗಳನ್ನು ನಿಲ್ಲಿಸಿ "ಇದು ಧರ್ಮವೇನು ಬುದ್ಧಿ?" ಎಂದು ಕೇಳಬಲ್ಲ ಹಿರಿಯರಿರುತ್ತಾರೆ. ನಾನು ಸಂಘಟನೆಯೇ ಅಲ್ಲ ಎಂದು ಹೇಳಿಕೊಳ್ಳುವ ಸಂಘಟನೆಯನ್ನು ಹಾಗೆ ಕೇಳಲು ನಿಂತ ನೆಲವೇ ಸಿಗುವುದಿಲ್ಲ. ಇದು ನನಗೆ ನಿಜವಾದ ಆತಂಕದ ವಿಷಯ.

ಹಾಗಾದರೆ ಗಡಿಯನ್ನು ಎಲ್ಲಿ ಹಾಕಬೇಕು? ಶರಣರಲ್ಲಿಯೇ ಇದಕ್ಕೆ ಒಂದು ಉತ್ತರವಿದೆ, ಅದು ಬಸವಣ್ಣ ಅಲ್ಲಮರಿಗಿಂತ ಕಡಿಮೆ ಹೆಸರಾದ ದಂಪತಿಗಳಿಂದ ಬಂದದ್ದು. ಆಯ್ದಕ್ಕಿ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಳಗೆ ಬಿಟ್ಟುಕೊಳ್ಳದೆ, "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಎಂದು ಹಿಂದಕ್ಕೆ ಕಳುಹಿಸಿದಳು. ಆ ಹೆಚ್ಚಿನ ಅಕ್ಕಿ ಬಂದದ್ದೂ ಬೇರೆಲ್ಲಿಂದಲೋ ಅಲ್ಲ, ಬಸವಣ್ಣನವರ ಮನೆಯ ಅಂಗಳದಿಂದ. ಸಂಸ್ಥೆ ಎಷ್ಟೇ ಪವಿತ್ರವಾದದ್ದಾದರೂ ಅದರಿಂದ ನನಗೆ ಎಷ್ಟು ಬೇಕೆಂಬುದನ್ನು ನಿರ್ಧರಿಸುವವಳು ನಾನು ಎಂಬ ದಿಟ್ಟತನ ಆ ಮಾತಿನಲ್ಲಿದೆ. ಅವಳು ಮಹಾಮನೆಯನ್ನು ಬೈಯಲಿಲ್ಲ, ಬಿಟ್ಟುಹೋಗಲೂ ಇಲ್ಲ. ಹೊಸ್ತಿಲಲ್ಲಿ ನಿಂತು ಅಳೆದಳು. ಮಾರಯ್ಯನ ವಚನವೊಂದು ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ: "ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದಿದ್ದಡೂ ಹಂಗು ಹರಿಯಬೇಕು." ಗುರು, ಲಿಂಗ, ಜಂಗಮ ಎಂಬ ಮೂರೂ ಆ ಧರ್ಮದ ತಳಪಾಯ. ಆ ತಳಪಾಯದ ಮೇಲೆಯೇ ನಿಂತುಕೊಂಡು, ಕೈಯಲ್ಲಿ ಕೆಲಸವಿದ್ದಾಗ ಅದರ ಹಂಗನ್ನು ಹರಿಯಬೇಕು ಎಂದು ಹೇಳಿದ ಧೈರ್ಯವನ್ನು ನಾನು ಅಧ್ಯಾತ್ಮ ಎನ್ನುತ್ತೇನೆ. ಅದು ಧರ್ಮದ ಹೊರಗಿನ ಇನ್ನೊಂದು ಮನೆಯಲ್ಲ. ಅದೇ ಮನೆಯೊಳಗೆ ಕುಳಿತು, ಆ ಮನೆಯೇ ತನಗೆ ಒಡೆಯನಾಗಲು ಬಿಡದ ಎಚ್ಚರ.

ವಿದ್ಯಾರ್ಥಿನಿಗೆ ನಾನು ಅಂದು ಇಷ್ಟೆಲ್ಲ ಹೇಳಲಿಲ್ಲ. ಮದುವೆ ಎಲ್ಲಿ ಬೇಕಾದರೂ ಆಗಲಿ, ಮಂಟಪ ಕೊಡುವವರು ನಿಮ್ಮ ಊಟದ ಪಂಕ್ತಿಯಲ್ಲಿ ಯಾರು ಕೂರಬೇಕು, ಯಾರು ಕೂರಬಾರದು ಎಂದು ಹೇಳಲು ಬಂದರೆ ಆಗ ನನಗೆ ತಿಳಿಸಿ ಎಂದೆ. ಅವರು ಮಠದ ಮಂಟಪದಲ್ಲಿಯೇ ಮದುವೆಯಾದರು. ಪಂಕ್ತಿಯಲ್ಲಿ ನಾನೂ ಕುಳಿತಿದ್ದೆ. ಯಾರೂ ಯಾರನ್ನೂ ಎಬ್ಬಿಸಲಿಲ್ಲ.

ಕೊನೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, ಸಿದ್ಧರಾಮನಿಗೆ ದೀಕ್ಷೆ ಆಯಿತೋ ಇಲ್ಲವೋ, ಮಹಾದೇವಯ್ಯ ಸರಿಯೋ ಹಲಗೆಯಾರ್ಯ ಸರಿಯೋ ಹೇಳಿ ಎಂದು ಕೇಳಿದರು. ನನ್ನ ಮನಸ್ಸು ಮಹಾದೇವಯ್ಯನ ಕಡೆಗಿದೆ ಎಂಬುದನ್ನು ಮರೆಮಾಚಲಿಲ್ಲ. ಆದರೆ ಅವರಿಗೆ ಇನ್ನೊಂದನ್ನು ನೆನಪಿಸಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆಗಳ, ಮಠ ಮಠಗಳ ಪೂಜೆಯ ಗೂಡಿನಲ್ಲಿದ್ದ ಓಲೆ ಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ವಚನಗಳ ಮೊದಲ ದೊಡ್ಡ ಸಂಗ್ರಹವನ್ನು ಅಚ್ಚು ಹಾಕಿಸಿದರು. ತಮ್ಮ ಗಳಿಕೆಯನ್ನೆಲ್ಲ ಆ ಕೆಲಸಕ್ಕೆ ಸುರಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವೇ ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳಲ್ಲಿ ತಂದಿತು. ಆ ಗೂಡುಗಳಲ್ಲಿ, ಆ ಮಠಗಳಲ್ಲಿ ಮಹಾದೇವಯ್ಯನ ಪ್ರತಿಯೂ ಇತ್ತು. ಅದರಲ್ಲಿ ಕೊರತೆಯಿದೆ ಎಂದು ತೀರ್ಮಾನಿಸಿ ಹೊಸದನ್ನು ಬರೆದ ಮೇಲೂ, ದೀಕ್ಷೆಯಿಲ್ಲದ ಸಿದ್ಧರಾಮನಿರುವ ಆ ಹಳೆಯ ಓಲೆಯನ್ನು ಯಾರೂ ಒಲೆಗೆ ಹಾಕಲಿಲ್ಲ. ಮಳೆಗಾಲ ಕಳೆದ ಮೇಲೆ ಬಿಸಿಲಿಗೆ ಹರಡಿ, ಬೂಷ್ಟು ಒರೆಸಿ, ದಾರ ಬಿಗಿದು, ಮತ್ತೆ ಗೂಡಿನಲ್ಲಿ ಇಟ್ಟರು.